ಗೋಡೆಯಿಲ್ಲದ ಕಡೆ ಗಿಟಾರ್

ಮೈಕ್ ಇಲ್ಲ, ಸ್ಪೀಕರ್ ಇಲ್ಲ, ಸುತ್ತ ಬರೀ ಬಯಲು. ಅಲ್ಲಿ ನುಡಿಸಲು ಗಿಟಾರ್ ಕೊಳ್ಳುವವರು ಏನೇನು ನೋಡಬೇಕು?

ಅಮೆರಿಕದ ವರ್ಜೀನಿಯಾ ರಾಜ್ಯದ ಗೇಲ್ಯಾಕ್ಸ್ ಎಂಬ ಸಣ್ಣ ಊರಿನಲ್ಲಿ 1935ರಿಂದ ಪಿಟೀಲು ವಾದಕರ ಸಮಾವೇಶ ನಡೆದುಕೊಂಡು ಬಂದಿದೆ. ಆಗಸ್ಟ್ ಬಂತೆಂದರೆ ಊರಿನ ಮೈದಾನದಲ್ಲಿ ವೇದಿಕೆ ಏಳುತ್ತದೆ, ಸ್ಪರ್ಧೆಗಳು ನಡೆಯುತ್ತವೆ. ಆದರೆ ಅನೇಕರು ಅಲ್ಲಿಗೆ ಬರುವುದು ವೇದಿಕೆಯಾಚೆಗಿನ ಸಂಗೀತಕ್ಕಾಗಿ. ಡೇರೆಗಳ ನಡುವೆ, ನಿಲ್ಲಿಸಿದ ವಾಹನಗಳ ಪಕ್ಕದಲ್ಲಿ ನಾಲ್ಕಾರು ಜನ ದುಂಡಗೆ ನಿಂತು ನಡುರಾತ್ರಿ ಮೀರಿದರೂ ನುಡಿಸುತ್ತಲೇ ಇರುತ್ತಾರೆ. ಅಲ್ಲಿ ಮೈಕ್ ಇಲ್ಲ. ಬ್ಯಾಂಜೊಗೆ ಬಿಗಿದ ಚರ್ಮದ ಚುರುಕಿದೆ, ಪಿಟೀಲಿಗೆ ಕಮಾನಿನ ಬಲವಿದೆ, ಮ್ಯಾಂಡೊಲಿನ್‌ಗೆ ಜೋಡಿ ತಂತಿಗಳ ತಾರಸ್ಥಾಯಿಯಿದೆ. ಗಿಟಾರ್‌ನ ಸರದಿ ಬಂದಾಗ ಮಾತ್ರ ಉಳಿದವರು ಕೈ ತಗ್ಗಿಸಬೇಕಾಗುತ್ತದೆ. ಇಲ್ಲದಿದ್ದರೆ ಆ ಗದ್ದಲದಲ್ಲಿ ಅದು ಕೇಳಿಸುವುದೇ ಕಷ್ಟ.

ಬಯಲಿಗೆ ಬಂದ ಗಿಟಾರ್‌ನ ಪಾಡು ಎಲ್ಲ ಕಡೆಯೂ ಹೀಗೇ. ಅಂಗಡಿಯ ಪುಟ್ಟ ಕೋಣೆಯಲ್ಲಿ ಒಂದು ಕಾರ್ಡ್ ಮೀಟಿದೊಡನೆ ಎದೆ ತುಂಬುವ ವಾದ್ಯ, ಅದನ್ನೇ ಪಾರ್ಕಿನ ಹುಲ್ಲಿನ ಮೇಲೆ ಕೂತು ನುಡಿಸಿದರೆ ದನಿ ಅಡಗಿದಂತಾಗುತ್ತದೆ. ಕೊಂಡವರು ಮೋಸಹೋದೆವೆಂದು ಕೊರಗುತ್ತಾರೆ, ತಂತಿ ಬದಲಿಸುತ್ತಾರೆ, ಇನ್ನಷ್ಟು ಜೋರಾಗಿ ಬಡಿಯುತ್ತಾರೆ. ವಾದ್ಯದಲ್ಲಿ ದೋಷವೇನೂ ಇರುವುದಿಲ್ಲ. ಅಂಗಡಿಯಲ್ಲಿ ಕಿವಿಗೆ ಬಿದ್ದ ನಾದದಲ್ಲಿ ಗೋಡೆ, ನೆಲ, ತಾರಸಿಗಳ ಪಾಲು ದೊಡ್ಡದಿತ್ತು. ಬಯಲಿನಲ್ಲಿ ಆ ಪಾಲು ಕೈಬಿಟ್ಟುಹೋಗಿದೆ. ಹಾಗಾಗಿ ಹೊರಗೆ ನುಡಿಸುವವರು ಗಿಟಾರ್ ಆರಿಸುವ ಕ್ರಮವೇ ಬೇರೆಯಾಗಬೇಕು. ತೊಡೆಯ ಮೇಲಿಟ್ಟಾಗ ಅದು ಎಷ್ಟು ಮೊಳಗುತ್ತದೆ ಎನ್ನುವುದಕ್ಕಿಂತ, ಹತ್ತು ಹೆಜ್ಜೆ ಆಚೆ ನಿಂತವರಿಗೆ ಸ್ವರಗಳು ಬಿಡಿಬಿಡಿಯಾಗಿ ಮುಟ್ಟುತ್ತವೆಯೇ ಎನ್ನುವುದು ಮುಖ್ಯ.

ಬಯಲಿನ ಲೆಕ್ಕ

ಅಡೆತಡೆಯಿಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಇದ್ದ ಗಿಟಾರ್ ಎರಡು ಮೀಟರಿಗೆ 69, ನಾಲ್ಕು ಮೀಟರಿಗೆ 63, ಎಂಟು ಮೀಟರಿಗೆ 57 ಆಗುತ್ತದೆ. ಪಕ್ಕದಲ್ಲಿ ಕೂತವರ ಸಾಮಾನ್ಯ ಮಾತುಕತೆಯೇ ಸುಮಾರು 60 ಡೆಸಿಬೆಲ್. ಕೋಣೆಯೊಳಗೆ ಗೋಡೆಗಳು ಸದ್ದನ್ನು ಮತ್ತೆ ಮತ್ತೆ ಹಿಂದಿರುಗಿಸುವುದರಿಂದ ಇಷ್ಟು ಕಡಿದಾದ ಇಳಿತ ಕಾಣುವುದಿಲ್ಲ.

ಎಲ್ಲ ಸ್ವರಗಳಿಗೂ ಒಂದೇ ಗತಿಯಲ್ಲ. ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ನಾಲ್ಕು ಮೀಟರಿಗೂ ಮಿಗಿಲು. ಅಷ್ಟುದ್ದದ ಅಲೆಯನ್ನು ಮುಂದಕ್ಕಷ್ಟೇ ತಳ್ಳುವ ಶಕ್ತಿ ಆ ಪುಟ್ಟ ಪೆಟ್ಟಿಗೆಗಿಲ್ಲ. ಅದು ಹಿಂದೆ, ಮುಂದೆ, ಮೇಲೆ ಎಲ್ಲ ಕಡೆಗೂ ಚೆದುರಿಹೋಗುತ್ತದೆ. ಮಧ್ಯ ಮತ್ತು ತಾರಸ್ಥಾಯಿಯ ಅಂಶಗಳು ಮಾತ್ರ ಹೆಚ್ಚಾಗಿ ಗಿಟಾರ್‌ನ ಮುಖ ಯಾವ ಕಡೆಗಿದೆಯೋ ಆ ಕಡೆಗೆ ಸಾಗುತ್ತವೆ. ಜೊತೆಗೆ ಮನುಷ್ಯನ ಕಿವಿಯೂ ಮಂದ್ರಕ್ಕೆ ಮಂದ. 2,000ದಿಂದ 5,000 ಹರ್ಟ್ಜ್ ನಡುವಿನ ಕಂಪನಗಳಿಗೆ ಬಲು ಚುರುಕು. ಇನ್ನು ನಗರದಲ್ಲಾದರೆ ಬಸ್ಸು ಲಾರಿಗಳ ಗುಡುಗುಡು ಸದ್ದೂ ಮಂದ್ರದಲ್ಲೇ ಹೆಚ್ಚಿರುತ್ತದೆ. ಗಿಟಾರ್‌ನ ಕೆಳದನಿಯನ್ನು ಮೊದಲು ನುಂಗುವುದು ಅದೇ.

ಕರಾವಳಿಯ ಬಯಲಾಟ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧ್ವನಿವರ್ಧಕ ಬರುವ ಮೊದಲು, ಗದ್ದೆಯಾಚೆಯ ಮನೆಯವರಿಗೆ ಆಟ ಶುರುವಾಯಿತೆಂದು ಗೊತ್ತಾಗುತ್ತಿದ್ದದ್ದು ಚಂಡೆಯ ಪೆಟ್ಟಿನಿಂದ. ಮದ್ದಳೆಯ ಮೃದುನಾದ ರಂಗಸ್ಥಳದ ಹತ್ತಿರದವರಿಗೆ ಸಿಗುತ್ತಿತ್ತು. ಭಾಗವತರೂ ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಬಯಲನ್ನು ದಾಟಲು ಬೇಕಾದದ್ದು ಚುರುಕಾಗಿ ಶುರುವಾಗುವ, ಮೇಲುಸ್ಥಾಯಿಯಲ್ಲಿ ಸಾಂದ್ರವಾಗಿರುವ ದನಿ. ಗಿಟಾರ್‌ಗೂ ಇದೇ ಅನ್ವಯಿಸುತ್ತದೆ.

ಸದ್ದಿಗಾಗಿ ಹುಟ್ಟಿದ ವಾದ್ಯಗಳು

ವಿದ್ಯುತ್ ಗಿಟಾರ್ ಬಳಕೆಗೆ ಬರುವ ಮೊದಲಿನ ಕೆಲವು ದಶಕಗಳಲ್ಲಿ ವಾದ್ಯ ತಯಾರಕರು ಇದೊಂದು ಸಮಸ್ಯೆಗೇ ಬಗೆಬಗೆಯ ಪರಿಹಾರ ಹುಡುಕಿದರು. ಇವತ್ತು ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿರುವ ಆಕಾರಗಳಲ್ಲಿ ಹೆಚ್ಚಿನವು ಆ ಹುಡುಕಾಟದ ಫಲ.

ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಅಗಲ ಸೊಂಟದ ಆಕಾರಕ್ಕೆ ಡ್ರೆಡ್‌ನಾಟ್ ಎಂದು ಹೆಸರು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಬಾಸ್ಟನ್ನಿನ ಆಲಿವರ್ ಡಿಟ್ಸನ್ ಕಂಪನಿಗಾಗಿ ಇದನ್ನು ಮಾಡಿಕೊಟ್ಟಿತು; 1931ರಿಂದ ತನ್ನ ಹೆಸರಿನಲ್ಲೇ ಮಾರತೊಡಗಿತು. ಹಾಡಿನ ಹಿಂದೆ ತುಂಬು ಮಂದ್ರ ಬೇಕೆನ್ನುವವರಿಗೆ ಅದು ಒಗ್ಗಿತು. ಇನ್ನೊಂದು ದಾರಿ ತೆರೆದದ್ದು ಬ್ಯಾಂಜೊ ವಾದಕ. ಅಟ್ಲಾಂಟಾದ ಪೆರಿ ಬೆಕ್ಟೆಲ್ ಕೇಳಿಕೊಂಡ ಮೇಲೆ ಮಾರ್ಟಿನ್ 1929ರಲ್ಲಿ ಒಎಂ ಎಂಬ ಮಾದರಿಯನ್ನು ರೂಪಿಸಿತು. ಒಡಲಿನಿಂದಾಚೆ 14 ಫ್ರೆಟ್‌ಗಳಿರುವ ಕುತ್ತಿಗೆ, ಕಿರಿದಾದ ಸೊಂಟ, ತೆಳು ಒಡಲು. ಡ್ರೆಡ್‌ನಾಟ್‌ನ ಆಳ ಸುಮಾರು 12.4 ಸೆಂಟಿಮೀಟರ್ ಆದರೆ ಒಎಂನದು ಸುಮಾರು 10.5. ಒಳಗಿನ ಗಾಳಿ ಕಡಿಮೆಯಾದಷ್ಟೂ ಮಂದ್ರದ ಗುಂಗು ಇಳಿದು ಮಧ್ಯಸ್ಥಾಯಿ ಮುಂದೆ ಬರುತ್ತದೆ. ತೊಡೆಯ ಮೇಲೆ ಡ್ರೆಡ್‌ನಾಟ್ ದೊಡ್ಡದಾಗಿ ಕೇಳಿಸಿದರೂ, ದೂರ ನಿಂತವರಿಗೆ ಒಳ್ಳೆಯ ಒಎಂ ಅದಕ್ಕಿಂತ ಸ್ಪಷ್ಟವಾಗಿ ತಲುಪಬಹುದು.

ಡ್ರೆಡ್‌ನಾಟ್ ಬಯಲಿಗೆ ಆಗದು ಎಂದಲ್ಲ. ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಶೈಲಿಯ ಸಂಗೀತಗಾರರು ದಶಕಗಳಿಂದ ಅದನ್ನೇ ಹಿಡಿದು ಹೊರಗೆ ನುಡಿಸುತ್ತಿದ್ದಾರೆ. ಅವರ ವಾದ್ಯಗಳಲ್ಲಿ ಅತಿ ಪ್ರಸಿದ್ಧವಾದದ್ದು 1935ರ ಒಂದು ಮಾರ್ಟಿನ್ ಡಿ-28. ಮೊದಲು ಗಿಟಾರ್ ವಾದಕ ಕ್ಲಾರೆನ್ಸ್ ವೈಟ್ ಅವರ ಬಳಿಯಿದ್ದು, 1975ರಲ್ಲಿ ಇನ್ನೊಬ್ಬ ವಾದಕ ಟೋನಿ ರೈಸ್ ಅವರ ಕೈಸೇರಿತು. ಅದನ್ನು ಹತ್ತಿರದಿಂದ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ನಡುವಿನ ರಂಧ್ರ. ಯಾರೋ ಎಂದೋ ಕೊರೆದು ಹಿಗ್ಗಿಸಿದ ಆ ರಂಧ್ರ ಮಾಮೂಲಿಗಿಂತ ಎದ್ದುಕಾಣುವಷ್ಟು ದೊಡ್ಡದು. ರಂಧ್ರ ದೊಡ್ಡದಾದರೆ ಒಡಲಿನೊಳಗಿನ ಗಾಳಿಯ ಸಹಜ ಕಂಪನ ಮೇಲಕ್ಕೇರುತ್ತದೆ, ಮಂದ್ರದ ಮಬ್ಬು ಸರಿದು ಒಂಟಿ ಸ್ವರಗಳು ತಿಳಿಯಾಗುತ್ತವೆ. ರೈಸ್ ಅವರ ವೇಗದ ನುಡಿಸಾಣಿಕೆಗೆ ಅದು ಹೇಳಿಮಾಡಿಸಿದಂತಿತ್ತು. ಇಂದು ಕೆಲವು ತಯಾರಕರು ದೊಡ್ಡ ರಂಧ್ರದ ಡ್ರೆಡ್‌ನಾಟ್‌ಗಳನ್ನು ಬೇಕೆಂದೇ ಮಾಡುತ್ತಾರೆ.

ಲಾಸ್ ಏಂಜಲೀಸ್‌ನಲ್ಲಿ ಜಾನ್ ಡೋಪ್ಯೆರಾ ಮತ್ತು ಜಾರ್ಜ್ ಬೋಶಾಂಪ್ ಹಿಡಿದ ದಾರಿ ಪೂರ್ತಿ ಬೇರೆ. 1927ರಲ್ಲಿ ಅವರ ನ್ಯಾಷನಲ್ ಕಂಪನಿ ಲೋಹದ ಒಡಲಿನೊಳಗೆ ತೆಳುವಾದ ಅಲ್ಯೂಮಿನಿಯಂ ಶಂಕುಗಳನ್ನು ಕೂರಿಸಿ, ತಂತಿಗಳ ಕಂಪನ ನೇರವಾಗಿ ಅವಕ್ಕೆ ಇಳಿಯುವಂತೆ ಮಾಡಿತು. ಇದೇ ರೆಸೊನೇಟರ್ ಗಿಟಾರ್. ನಾದ ಥಟ್ಟನೆ ಹೊಮ್ಮಿ ಬೇಗ ಆರುತ್ತದೆ, ಮಧ್ಯಸ್ಥಾಯಿ ಗಡುಸು. ಉತ್ತರ ಕೆರೊಲಿನಾದ ಡರಮ್‌ನಲ್ಲಿ ತಂಬಾಕು ಮಳಿಗೆಗಳ ಸುತ್ತ ನುಡಿಸುತ್ತಿದ್ದ ಬ್ಲೈಂಡ್ ಬಾಯ್ ಫುಲ್ಲರ್ ಕೈಯಲ್ಲಿದ್ದದ್ದು ನ್ಯಾಷನಲ್. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯುವವರಿಗೆ ಈ ವಾದ್ಯದ ಬೆಲೆ ಬೇಗ ತಿಳಿಯಿತು. ಆದರೆ ಅದು ಭಾರ. ಹೆಗಲಿಗೆ ಹಾಕಿಕೊಂಡು ಗಂಟೆಗಟ್ಟಲೆ ನಿಲ್ಲುವವರು ಮೊದಲು ಎತ್ತಿ ನೋಡಬೇಕು. ಮೆಲುದನಿಯ ಹಾಡಿಗೆ ಅದರ ಕಂಠ ಕೂಡಿಬರುವುದೂ ಕಷ್ಟ.

ಸಾಮಾನ್ಯ ಕೊಳ್ಳುಗರ ಕಣ್ಣಿಗೆ ಬೀಳದ, ಆದರೆ ಬಯಲಿಗೆ ಬಹಳ ತಕ್ಕ ವಾದ್ಯವೊಂದಿದೆ. ಪ್ಯಾರಿಸ್ಸಿನ ಸೆಲ್ಮರ್ ಕಂಪನಿ ಇಟಲಿಯ ಮಾರಿಯೊ ಮಕ್ಕಫೆರ್ರಿಯವರ ವಿನ್ಯಾಸದಂತೆ 1932ರಲ್ಲಿ ಹೊರತಂದ ಗಿಟಾರ್ ಅದು. ಬೆಲ್ಜಿಯಂನಲ್ಲಿ ಹುಟ್ಟಿದ ಮನೂಷ್ ಎಂಬ ರೋಮಾ ಸಮುದಾಯದ ಜಾಂಗೊ ರೈನ್‌ಹಾರ್ಟ್ ಅದನ್ನು ಲೋಕಪ್ರಸಿದ್ಧ ಮಾಡಿದರು. ತಂತಿಗಳು ಪಿಟೀಲಿನಲ್ಲಿರುವಂತೆ ಬ್ರಿಜ್ ದಾಟಿ ತುದಿಯ ಲೋಹದ ಪಟ್ಟಿಗೆ ಬಿಗಿದಿರುತ್ತವೆ. ಮೇಲ್ಹಲಗೆ ಬ್ರಿಜ್‌ನ ಹತ್ತಿರ ತುಸು ಬಾಗಿದೆ. ಒಳಗಿನ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ. ಮುಂದಿನ ಮಾದರಿಗಳಲ್ಲಿ ಇಂಗ್ಲಿಷಿನ D ಅಕ್ಷರದಾಕಾರದ ದೊಡ್ಡ ರಂಧ್ರದ ಬದಲು ಚಿಕ್ಕ ಅಂಡಾಕಾರದ ರಂಧ್ರ ಬಂತು, ತಂತಿಯ ಉದ್ದ 67 ಸೆಂಟಿಮೀಟರಿಗೆ ಬೆಳೆಯಿತು. ಪ್ರತಿ ಸ್ವರವೂ ಒಣಗಿದ, ಮೊನಚಾದ ಪೆಟ್ಟಿನಂತೆ ಹೊಮ್ಮುತ್ತದೆ, ಗುಂಗು ಕಡಿಮೆ. ಇಂದಿಗೂ ಜಾಂಗೊ ಪರಂಪರೆಯ ವಾದಕರು ಫ್ರಾನ್ಸಿನ ಉತ್ಸವಗಳಲ್ಲಿ ಡೇರೆ, ವ್ಯಾನುಗಳ ನಡುವೆ ಮೈಕಿಲ್ಲದೆ ನುಡಿಸುವುದು ಇದೇ ವಿನ್ಯಾಸದ ಗಿಟಾರ್‌ಗಳಲ್ಲಿ.

ಹನ್ನೆರಡು ತಂತಿಯ ಗಿಟಾರ್ ಕೂಡ ಇದೇ ಗುಂಪಿಗೆ ಸೇರಬೇಕಾದ್ದು. ಅದರಲ್ಲಿ ದಪ್ಪ ತಂತಿಗಳ ಜೊತೆಗೆ ಒಂದು ಸ್ಥಾಯಿ ಮೇಲಿನ ತೆಳು ತಂತಿ ಇರುವುದರಿಂದ ಕೆಳಸ್ವರ ನುಡಿಸಿದಾಗಲೂ ಮೇಲುದನಿ ಜೊತೆಯಲ್ಲೇ ಹೋಗುತ್ತದೆ. ಅಮೆರಿಕದ ಗಾಯಕ ಲೆಡ್ ಬೆಲ್ಲಿ ತಮ್ಮ ಗಟ್ಟಿ ಕಂಠಕ್ಕೆ ಇದನ್ನೇ ಜೋಡಿ ಮಾಡಿಕೊಂಡಿದ್ದರು.

ಹಿಂಬದಿಯ ಬೀಟೆ, ಮುಂಬದಿಯ ಸ್ಪ್ರೂಸ್

ಅಂಗಡಿಯಲ್ಲಿ ಬೆಲೆ ಏರುವುದು ಹೆಚ್ಚಾಗಿ ಮರದ ಹೆಸರಿನಿಂದ. ಇಲ್ಲಿ ಕರ್ನಾಟಕಕ್ಕೂ ಒಂದು ನಂಟಿದೆ. ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್‌ಗೆ ಬದಲಾಯಿಸಿಕೊಂಡಿತು. ಅದು ಪಶ್ಚಿಮ ಘಟ್ಟದ ನಮ್ಮ ಬೀಟೆ. ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಶಲಕರ್ಮಿಗಳು ಚಿತ್ತಾರ ಕೂರಿಸುವ ಅದೇ ಜಾತಿಯ ಮರ ಲಕ್ಷಾಂತರ ಗಿಟಾರ್‌ಗಳ ಬೆನ್ನಾಗಿದೆ. 2017ರಲ್ಲಿ ಇಡೀ ಬೀಟೆ ಕುಲವೇ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಹಿಡಿತಕ್ಕೆ ಬಂದಾಗ ಗಿಟಾರ್ ಲೋಕವೇ ಗೊಂದಲಕ್ಕೆ ಬಿತ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು.

ಬಯಲಿಗೆ ಕೊಳ್ಳುವವರು ಬೀಟೆಗಾಗಿ ಹೆಚ್ಚು ಹಣ ಸುರಿಯಬೇಕೆ? ಸ್ಪೇನಿನ ಆಂಟೋನಿಯೊ ದೆ ಟೋರೆಸ್ 1862ರಲ್ಲೇ ಇದಕ್ಕೆ ಉತ್ತರ ಹುಡುಕಿದ್ದರು. ಅವರು ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಗೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಾಕಿ ಒಂದು ಗಿಟಾರ್ ಕಟ್ಟಿದರು. ನಾದದ ಜೀವ ಮೇಲ್ಹಲಗೆಯಲ್ಲಿದೆ ಎಂದು ತೋರಿಸುವ ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೂ ಅದೇ ಕಡೆ ಬೆರಳು ತೋರುತ್ತದೆ. ಬೆನ್ನಿನ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಬಗೆಯಾಗಿದ್ದ ಆರು ಗಿಟಾರ್‌ಗಳನ್ನು 52 ವಾದಕರು ಮರ ಕಾಣದಂತೆ ನುಡಿಸಿ ನೋಡಿದರು. ಬೀಟೆ, ಬ್ರೆಜಿಲ್ ರೋಸ್‌ವುಡ್, ಮಹಾಗನಿ, ಮೇಪಲ್ ಮೊದಲಾದ ಮರಗಳಿಗೆ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ.

ಹಾಗಾಗಿ ಹಣವನ್ನು ಮೇಲ್ಹಲಗೆಗೆ ಮೀಸಲಿಡುವುದು ಜಾಣತನ. ಅದು ಪದರ ಅಂಟಿಸಿದ ಪ್ಲೈ ಆಗಿರದೆ ಇಡೀ ಮರದ ಹಲಗೆಯಾಗಿರಲಿ. ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಮರದ ಗೆರೆಗಳು ಮೇಲಿನಿಂದ ಒಳಗಿನವರೆಗೆ ಮುರಿಯದೆ ಸಾಗಿರುವುದು ಕಾಣಬೇಕು. ಜೋರಾಗಿ ಮೀಟುವ ಕೈಗೆ ಸ್ಪ್ರೂಸ್ ಹೊಂದುತ್ತದೆ. ಸೀಡರ್ ಮೆಲುಸ್ಪರ್ಶಕ್ಕೆ ಬೇಗ ಒಲಿಯುವ ಮರ, ಆದರೆ ಬಿರುಸಾಗಿ ಬಾರಿಸಿದರೆ ಒಂದು ಹಂತದ ಮೇಲೆ ದನಿ ಬೆಳೆಯುವುದಿಲ್ಲ ಎಂಬುದು ವಾದಕರ ಅನುಭವ.

ತಂತಿ, ಪಿಕ್, ಕೈ

ಗಿಟಾರ್ ಬದಲಿಸದೆಯೂ ದನಿ ಬೆಳೆಸುವ ದಾರಿಗಳಿವೆ. ಸಾಮಾನ್ಯವಾಗಿ ಹಾಕುವ 12ರ ಅಳತೆಯ ಲೈಟ್ ತಂತಿಗಳು ಒಟ್ಟು ಸುಮಾರು 74 ಕೆಜಿಯಷ್ಟು ಎಳೆಯುತ್ತವೆ. 13ರ ಮೀಡಿಯಂ ತಂತಿಗಳ ಎಳೆತ 83 ಕೆಜಿಯ ಹತ್ತಿರ. ಎಳೆತ ಹೆಚ್ಚಿದಷ್ಟೂ ಮೇಲ್ಹಲಗೆಗೆ ಸಿಗುವ ಬಲ ಹೆಚ್ಚು. ಆದರೆ ಎಲ್ಲ ಗಿಟಾರ್‌ಗಳೂ ಅದನ್ನು ತಾಳಿಕೊಳ್ಳುವುದಿಲ್ಲ, ತಯಾರಕರು ಏನು ಹೇಳಿದ್ದಾರೆಂದು ನೋಡಿಯೇ ಹಾಕಬೇಕು. ಬೆವರು, ಧೂಳು ಹಿಡಿದ ಹಳೆಯ ತಂತಿ ಮೊದಲು ಕಳೆದುಕೊಳ್ಳುವುದು ಬಯಲಿಗೆ ಬೇಕಾದ ಮೇಲುದನಿಯನ್ನೇ. ಹೊರಗೆ ನುಡಿಸುವವರು ತಂತಿಯ ವಿಷಯದಲ್ಲಿ ಜಿಪುಣತನ ಮಾಡಬಾರದು.

ತಂತಿಗಳು ಫ್ರೆಟ್‌ಗೆ ತೀರಾ ಹತ್ತಿರವಿದ್ದರೆ ಬೆರಳಿಗೆ ಸುಖ, ಆದರೆ ಜೋರಾಗಿ ಮೀಟಿದೊಡನೆ ಜರ್ ಎನ್ನುತ್ತವೆ. ಕೌಂಟ್ ಬೇಸಿಯ ಜಾಝ್ ವಾದ್ಯವೃಂದದಲ್ಲಿ 1937ರಿಂದ ಐದು ದಶಕ ಆಂಪ್ಲಿಫೈಯರ್ ಇಲ್ಲದೆ ನುಡಿಸಿದ ಫ್ರೆಡ್ಡಿ ಗ್ರೀನ್ ತಂತಿಗಳನ್ನು ಬಹಳ ಎತ್ತರಕ್ಕೆ ಕಟ್ಟಿಸಿಕೊಂಡಿದ್ದರು. ತುತ್ತೂರಿ, ಸ್ಯಾಕ್ಸೊಫೋನ್‌ಗಳ ದಂಡಿನ ನಡುವೆ ಅವರ ಗಿಟಾರ್ ಉಳಿದದ್ದಕ್ಕೆ ಅದೂ ಒಂದು ಕಾರಣ. ಅಷ್ಟು ಎತ್ತರ ಎಲ್ಲರ ಬೆರಳಿಗೂ ಆಗದು. ರಿಪೇರಿ ಮಾಡುವವರ ಬಳಿ ಹೋಗಿ ಅರ್ಧ ಮಿಲಿಮೀಟರ್ ಏರಿಸಿಕೊಂಡರೂ ಸಾಕಷ್ಟು ವ್ಯತ್ಯಾಸ ಕಾಣುತ್ತದೆ.

ಮೆತ್ತನೆಯ ಪಿಕ್ ತಂತಿಗೆ ತಗುಲಿ ತಾನೇ ಬಾಗುತ್ತದೆ. ಪಟಪಟ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ಒಂದು ಮಿಲಿಮೀಟರಿಗಿಂತ ದಪ್ಪನೆಯ ಗಡುಸು ಪಿಕ್ ಬಯಲಿಗೆ ವಾಸಿ. ಬೆರಳಿನಲ್ಲಿ ನುಡಿಸುವವರು ಹೆಬ್ಬೆರಳಿಗೂ ತೋರುಬೆರಳಿಗೂ ತೊಡುವ ಪಿಕ್‌ಗಳನ್ನು ರೂಢಿಸಿಕೊಳ್ಳಬಹುದು. ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ಹಾಡುತ್ತಿದ್ದ ಅಂಧ ಪಾದ್ರಿ ಗ್ಯಾರಿ ಡೇವಿಸ್ ಆ ಎರಡೇ ಬೆರಳುಗಳಲ್ಲಿ, ಗಿಬ್ಸನ್ ಜೆ-200ರಂಥ ದೊಡ್ಡ ಗಿಟಾರ್‌ನಿಂದ ಬೀದಿ ತುಂಬುವ ನಾದ ಹೊರಡಿಸುತ್ತಿದ್ದರು. ಮೀಟುವ ಕೈಯನ್ನು ಬ್ರಿಜ್ ಕಡೆಗೆ ಸ್ವಲ್ಪ ಸರಿಸಿದರೂ ದನಿ ಮೊನಚಾಗುತ್ತದೆ. ಎರಡನೆಯ ಅಥವಾ ಮೂರನೆಯ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಹಿಡಿಕೆ) ಹಾಕಿ ಶ್ರುತಿ ಏರಿಸಿದರೆ ಹಾಡು, ಗಿಟಾರ್ ಎರಡೂ ಮುಂದಕ್ಕೆ ಹೋಗುತ್ತವೆ.

ನಿಲ್ಲುವ ಜಾಗ

ಎಲ್ಲಿ ನಿಲ್ಲುತ್ತಾರೆ ಎನ್ನುವುದರಿಂದಲೂ ಬಹಳಷ್ಟು ನಿರ್ಧಾರವಾಗುತ್ತದೆ. ಡಬ್ಲಿನ್‌ನ ಗ್ರಾಫ್ಟನ್ ಬೀದಿ ಬೀದಿಗಾಯಕರಿಗೆ ಹೆಸರುವಾಸಿ. ಐರಿಷ್ ಗಾಯಕ ಗ್ಲೆನ್ ಹ್ಯಾನ್ಸರ್ಡ್ 13ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಹಾಡಲು ನಿಂತದ್ದು ಆ ಊರಿನ ಬೀದಿಗಳಲ್ಲೇ. ವಾಹನಗಳಿಗೆ ಪ್ರವೇಶವಿಲ್ಲದ ಆ ಬೀದಿಯ ಎರಡೂ ಬದಿಗೆ ಎತ್ತರದ ಕಟ್ಟಡಗಳಿವೆ, ಕಾಲ ಕೆಳಗೆ ಗಟ್ಟಿ ನೆಲವಿದೆ. ಅಂದರೆ ಗಾಯಕನಿಗೆ ಅರ್ಧ ಕೋಣೆ ಸಿಕ್ಕಂತೆಯೇ.

ಹುಲ್ಲು, ಸಡಿಲ ಮಣ್ಣು ಸದ್ದನ್ನು ಹೀರುತ್ತವೆ. ಕಲ್ಲು, ಸಿಮೆಂಟು ಹಿಂದಿರುಗಿಸುತ್ತವೆ. ಬೆನ್ನ ಹಿಂದೆ ಒಂದು ಗೋಡೆ ಸಿಕ್ಕರೆ ಚೆದುರಿಹೋಗುವ ಮಂದ್ರದ ಒಂದು ಪಾಲು ಮುಂದಕ್ಕೆ ಮರಳುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ಬ್ರಿಟಿಷರ ಕಾಲದ ಬ್ಯಾಂಡ್‌ಸ್ಟ್ಯಾಂಡ್‌ಗಳಿವೆ. ಎತ್ತರದ ಗಟ್ಟಿ ಕಟ್ಟೆ, ಮೇಲೆ ಚಾವಣಿ. ಮೈಕ್ ಇಲ್ಲದ ಕಾಲದಲ್ಲಿ ವಾದ್ಯದ ಸದ್ದು ಆಕಾಶಕ್ಕೆ ಹಾರಿಹೋಗದಂತೆ ತಡೆಯಲು ಅಂಥ ಚಾವಣಿ ನೆರವಾಗುತ್ತಿತ್ತು. ಅಂಥದೊಂದು ಮಂಟಪ, ಕಲ್ಲಿನ ಜಗಲಿ, ಕಟ್ಟಡದ ಮೂಲೆ ಸಿಕ್ಕರೆ ಸಾಧಾರಣ ಗಿಟಾರ್‌ಗೂ ಕಳೆ ಬರುತ್ತದೆ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಟ್ಟು, ಗಿಟಾರ್‌ನ ಮುಖವನ್ನು ಕೇಳುಗರತ್ತ ನೆಟ್ಟಗೆ ಹಿಡಿಯಬೇಕು.

ಗದ್ದಲದ ನಡುವೆ ತಮ್ಮ ವಾದ್ಯ ತಮಗೇ ಕೇಳಿಸದೆ ಅನೇಕರು ವಿಪರೀತ ಬಡಿಯುತ್ತಾರೆ, ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ಕೆಲವು ಗಿಟಾರ್‌ಗಳ ಪಕ್ಕದ ಹಲಗೆಯಲ್ಲಿ, ನುಡಿಸುವವರ ಮುಖದ ಕಡೆಗೆ ಚಿಕ್ಕದೊಂದು ರಂಧ್ರವಿರುತ್ತದೆ. ಅದರಿಂದ ಕೇಳುಗರಿಗೆ ದೊಡ್ಡ ಲಾಭವಿಲ್ಲ, ವಾದಕರಿಗೆ ತಮ್ಮ ಸ್ವರ ಸಿಗುತ್ತದೆ, ಕೈ ಹದಕ್ಕೆ ಬರುತ್ತದೆ.

ಬಿಸಿಲು, ಮಳೆ

ಗಿಟಾರ್‌ಗೆ ಹಿತವಾದ ತೇವಾಂಶ ಶೇ 45ರಿಂದ 55. ಮಳೆಗಾಲದ ಮಂಗಳೂರಿನಲ್ಲಿ ಮೇಲ್ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ. ಬೇಸಿಗೆಯ ಕಲಬುರಗಿಯಲ್ಲಿ ಮರ ಕುಗ್ಗಿ ಫ್ರೆಟ್‌ಗಳ ತುದಿ ಕೈಗೆ ತರಚುತ್ತದೆ, ಹಲಗೆ ಸೀಳುವ ಭಯವೂ ಇದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅಂಟು ಮೆತ್ತಗಾಗಿ ಬ್ರಿಜ್ ಏಳಬಹುದು. ಹೊರಗೆ ಹೆಚ್ಚು ತಿರುಗುವವರಿಗೆ ಬೆನ್ನು, ಪಕ್ಕಗಳು ಪ್ಲೈ ಆಗಿದ್ದು ಮೇಲ್ಹಲಗೆ ಮಾತ್ರ ಇಡೀ ಮರವಾಗಿರುವ ಮಧ್ಯಮ ಬೆಲೆಯ ಗಿಟಾರ್ ಒಳ್ಳೆಯ ಆಯ್ಕೆ. ಜಾಂಗೊ ನುಡಿಸಿದ ಸೆಲ್ಮರ್‌ಗಳ ಬೆನ್ನು, ಪಕ್ಕಗಳೂ ಪದರ ಮರದವೇ. ಮಳೆ ಬಿಸಿಲಿಗೆ ಅಂಜದ ಇನ್ನೊಂದು ಬಗೆ ಕಾರ್ಬನ್ ಫೈಬರಿನದು. ಹವಾಯಿಯಲ್ಲಿ ಶುರುವಾದ ರೇನ್‌ಸಾಂಗ್ ಆ ದಾರಿಯಲ್ಲಿ ಮೊದಲಿಗರಲ್ಲೊಂದು. ಬೆಲೆ ಮಾತ್ರ ದುಬಾರಿ.

ಕೊಳ್ಳುವ ದಿನ

ಅಂಗಡಿಗೆ ಒಬ್ಬರೇ ಹೋಗಬಾರದು. ನುಡಿಸುವ ಸ್ನೇಹಿತರೊಬ್ಬರನ್ನು ಕರೆದುಕೊಂಡು ಹೋಗಿ, ಅವರ ಕೈಗೆ ಗಿಟಾರ್ ಕೊಟ್ಟು, ಕೊಳ್ಳುವವರು ಕೋಣೆಯ ಆ ತುದಿಗೆ ಹೋಗಿ ನಿಂತು ಕೇಳಬೇಕು. ಸಾಧ್ಯವಾದರೆ ಬಾಗಿಲಾಚೆಗೆ, ಅಂಗಡಿಯವರು ಒಪ್ಪಿದರೆ ಎದುರಿನ ಅಂಗಳಕ್ಕೇ ಒಯ್ದು ನುಡಿಸಿ ನೋಡುವುದು ಉತ್ತಮ. ಒಂದೇ ಹಾಡು, ಒಂದೇ ಪಿಕ್, ಒಂದೇ ಬಗೆಯ ತಂತಿ ಇದ್ದರೆ ಹೋಲಿಕೆ ಸರಿಯಾಗುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಮಾಮೂಲಿ, ಕೊನೆಗೆ ಕೈಲಾದಷ್ಟು ಜೋರಾಗಿ ನುಡಿಸಿ, ಜೋರು ಹೆಚ್ಚಿದಂತೆ ದನಿಯೂ ಬೆಳೆಯುತ್ತದೆಯೇ, ಕಲಸಿಹೋಗುತ್ತದೆಯೇ ಎಂದು ಗಮನಿಸಬೇಕು.

ಹಾಡುತ್ತಾ ಕಾರ್ಡ್ ಬಾರಿಸುವವರಿಗೆ ಮಾರ್ಟಿನ್ ಡಿ-18, ಗಿಬ್ಸನ್ ಜೆ-45ರ ಹಾದಿಯ ಮಹಾಗನಿ ಗಿಟಾರ್ ಸಾಕು. ಆ ಆಕಾರಗಳು ಕಡಿಮೆ ಬೆಲೆಯಲ್ಲೂ ಹಲವು ಕಂಪನಿಗಳಿಂದ ಸಿಗುತ್ತವೆ. ಬೆರಳಲ್ಲಿ ಬಿಡಿಸ್ವರ ನುಡಿಸುವವರು ಒಎಂ ಗಾತ್ರದ್ದನ್ನು ಮೊದಲು ಕೇಳಿ ನೋಡಲಿ. ಪಿಟೀಲು, ಕೊಳಲು, ತಾಳವಾದ್ಯಗಳ ಗುಂಪಿನಲ್ಲಿ ಒಂಟಿ ಸ್ವರಗಳ ಸರದಿ ತೆಗೆದುಕೊಳ್ಳುವವರಿಗೆ ಸೆಲ್ಮರ್ ಮಾದರಿಯೋ ರೆಸೊನೇಟರೋ ತಕ್ಕದ್ದು. ಈಗಾಗಲೇ ಮನೆಯಲ್ಲೊಂದು ಗಿಟಾರ್ ಇದ್ದವರು ಹೊಸದಕ್ಕೆ ಹಣ ಹೊಂದಿಸುವ ಮೊದಲು ಅದಕ್ಕೆ ಹೊಸ ತಂತಿ, ಒಂದು ದಪ್ಪ ಪಿಕ್, ಒಂದು ಕ್ಯಾಪೊ ಹಾಕಿ, ಗೋಡೆಗೆ ಬೆನ್ನು ಕೊಟ್ಟು ನುಡಿಸಿ ನೋಡಲಿ. ಹಲವರಿಗೆ ಹೊಸ ಗಿಟಾರ್‌ನ ಅಗತ್ಯವೇ ಬೀಳುವುದಿಲ್ಲ.